ಆ ಮೈಯೊಳಗೆ ಹೋಗಿ ಏನು ಮಾಡಬೇಕು?

ಜನರಿಗೆ ಅವತಾರ್, ಅಂದರೆ ಕಂಪ್ಯೂಟರ್ ಲೋಕದಲ್ಲಿ ಅವರ ಬದಲಿಗೆ ಕಾಣುವ ಮೈ, ಮಾಡಿಕೊಡುವುದು ನನ್ನ ಕೆಲಸ. ಕಣ್ಣಿಗೆ ಹೆಡ್‌ಸೆಟ್ ಹಾಕಿದರೆ ಸುತ್ತಲೂ ಕಾಣುವ ಕಂಪ್ಯೂಟರ್ ಲೋಕಕ್ಕೆ ವಿಆರ್ ಅನ್ನುತ್ತಾರೆ; ಅಲ್ಲಿ ಜನ ಸೇರಿ ಮಾತಾಡುವ ವಿಆರ್‌ಚಾಟ್‌ನಂಥ ಕಡೆ ಹಾಕಿಕೊಂಡು ಓಡಾಡುವ ಮೈ ಒಂದು ಬಗೆ. ಯೂಟ್ಯೂಬ್‌ನಲ್ಲಿ ತಮ್ಮ ಮುಖ ತೋರಿಸಲು ಇಷ್ಟವಿಲ್ಲದವರ ಪರವಾಗಿ ಬಾಯಿ ಆಡಿಸುವ ಗೊಂಬೆ ಇನ್ನೊಂದು ಬಗೆ. ಕಲಬುರಗಿಯ ಸೇಡಂ ರಸ್ತೆ ಕಡೆ ನಮ್ಮ ಮನೆ. ಮಹಡಿ ಮೇಲಿನ ಕೋಣೆಯೇ ಆಫೀಸು. ಆರ್ಡರ್ ಬೆಂಗಳೂರು, ಹೈದರಾಬಾದ್‌ನಿಂದಲೂ ಬರುತ್ತವೆ. ಆಳಂದ, ಶಹಾಪುರ, ಬಸವಕಲ್ಯಾಣದ ಕಡೆಯಿಂದಲೂ ಈಗ ಬರುತ್ತಿವೆ.

ಇದನ್ನು ಕಲಿಯುವುದು ಹೇಗೆ ಅಂತ ಹುಡುಗರು ಕೇಳುತ್ತಿರುತ್ತಾರೆ. ಸಾಫ್ಟ್‌ವೇರ್ ಕಲಿಯುವುದು ದೊಡ್ಡ ಮಾತಲ್ಲ. 3ಡಿ ಆಕಾರ ಕಟ್ಟುವ ಬ್ಲೆಂಡರ್ ಪುಕ್ಕಟೆ ಸಿಗುತ್ತದೆ. ಜಪಾನಿನ ಪಿಕ್ಸಿವ್ ಕಂಪನಿ 2018ರಲ್ಲಿ ಬಿಟ್ಟ, ಕಾರ್ಟೂನ್ ಶೈಲಿಯ ಅವತಾರ್ ಮಾಡುವ ವಿರಾಯ್ಡ್ ಸ್ಟುಡಿಯೋ ಕೂಡ ಪುಕ್ಕಟೆ. ಸ್ವಲ್ಪ ಗಟ್ಟಿ ಲ್ಯಾಪ್‌ಟಾಪ್ ಬೇಕು, ತಾಳ್ಮೆ ಬೇಕು. ಬೇಸಿಗೆಯಲ್ಲಿ ನಮ್ಮೂರ ಬಿಸಿಲು 42 ಡಿಗ್ರಿ ದಾಟಿದಾಗ ಭಾರೀ ಕೆಲಸವನ್ನೆಲ್ಲ ರಾತ್ರಿಗೆ ಇಟ್ಟುಕೊಳ್ಳಬೇಕು, ಅಷ್ಟೇ. ಕಷ್ಟ ಇರುವುದು ಬೇರೆ ಕಡೆ. ಎದುರಿಗೆ ಕೂತವರಿಗೆ ಯಾವ ಮೈ ಬೇಕು ಅನ್ನುವುದು ಅವರಿಗೇ ಸರಿಯಾಗಿ ಗೊತ್ತಿರುವುದಿಲ್ಲ.

ಅದಕ್ಕೇ ಮೊದಲ ಫೋನಿನಲ್ಲಿ ಯಾವ ಫೋಟೋನೂ ಕಳಿಸಬೇಡಿ ಅನ್ನುತ್ತೇನೆ. ಫೋಟೋ ಬಂತೆಂದರೆ ಮೂಗು ಹೀಗಿರಲಿ, ಕೂದಲು ಹಾಗಿರಲಿ ಅನ್ನುವುದರಲ್ಲೇ ಮಾತು ಮುಗಿದುಹೋಗುತ್ತದೆ. ನಾನು ಕೇಳುವುದು ಒಂದೇ ಮಾತು: "ಈ ಮೈ ಹಾಕ್ಕೊಂಡು ಏನ್ ಮಾಡಬೇಕಂತ ಮಾಡೀರಿ?"

ಹೆಚ್ಚಿನವರು ಒಂದು ಕ್ಷಣ ತಡವರಿಸುತ್ತಾರೆ. ಆಮೇಲೆ, "ಸುಮ್ನ ರೀ, ಗೆಳ್ಯಾರ ಸಂಗಟ ಮಾತಾಡ್ಲಿಕ್ಕ." ಸರಿ, ಯಾವ ಗೆಳೆಯರು? ಏನು ಮಾತು? ಈಗ ಅವರ ಜೊತೆ ಮಾತಾಡಲು ಏನು ಅಡ್ಡ ಬರುತ್ತಿದೆ? ಹೀಗೆ ಕೇಳುತ್ತಾ ಹೋದರೆ ಅರ್ಧ ಗಂಟೆಯೊಳಗೆ ಏನೋ ಒಂದು ಹೊರಗೆ ಬರುತ್ತದೆ. ಒಬ್ಬ ಹುಡುಗ ಎತ್ತರದ ಮೈ ಬೇಕೆಂದು ಹಟ ಹಿಡಿದಿದ್ದ. ಕೇಳುತ್ತಾ ಹೋದಾಗ ಗೊತ್ತಾಯಿತು, ಹಾಸ್ಟೆಲ್ ರೂಮಿನಲ್ಲಿ ಯಾರೂ ಅವನ ಮಾತು ಪೂರ್ತಿ ಕೇಳುವುದಿಲ್ಲ. ನಡುವೆಯೇ ಕತ್ತರಿಸುತ್ತಾರೆ. ಅವನಿಗೆ ಬೇಕಾಗಿದ್ದದ್ದು ಮಾತು ಮುಗಿಸುವ ಅವಕಾಶ. ಅದಕ್ಕೆ ಎತ್ತರ ಒಂದು ದಾರಿ ಅಷ್ಟೇ.

ಎತ್ತರ ಕೇಳಿದ್ದು ತಪ್ಪೇನಲ್ಲ, ಹಾಗಂತ. ನಾನು ಓದಿದ್ದು ಎಂಜಿನಿಯರಿಂಗ್. ಮನಶ್ಶಾಸ್ತ್ರ ನನಗೆ ಗೊತ್ತಿರಲಿಲ್ಲ. ಇಲ್ಲೇ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಪಾಠ ಮಾಡುವ ಗೆಳತಿಯೊಬ್ಬಳಿದ್ದಾಳೆ. ಸಂಜೆ ಅಪ್ಪನ ಕೆರೆ ಕಡೆ ಇಬ್ಬರೂ ನಡೆಯಲು ಹೋಗುತ್ತೇವೆ. ಅಲ್ಲಿ ನನ್ನ ಗಿರಾಕಿಗಳ ವಿಷಯ ಹೇಳಿದರೆ ಅವಳು ಒಂದಲ್ಲ ಒಂದು ಸಂಶೋಧನೆಯ ಹೆಸರು ಹೇಳುತ್ತಾಳೆ. ಮನೆಗೆ ಬಂದು ಓದುತ್ತೇನೆ. ಅವಳು ಮೊದಲು ಓದಿಸಿದ್ದು ನಿಕ್ ಯೀ ಮತ್ತು ಜೆರೆಮಿ ಬೇಲೆನ್ಸನ್ ಎಂಬ ಸಂಶೋಧಕರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾಡಿ 2007ರಲ್ಲಿ ಪ್ರಕಟಿಸಿದ ಪ್ರಯೋಗ. ಕೆಲವರಿಗೆ ಚಂದದ ಮುಖದ ಅವತಾರ್ ಕೊಟ್ಟರು, ಕೆಲವರಿಗೆ ಅಷ್ಟೇನೂ ಚಂದವಿಲ್ಲದ್ದು. ಮೊದಲು ವಿಆರ್ ಒಳಗಿನ ಕನ್ನಡಿ ಮುಂದೆ ನಿಲ್ಲಿಸಿದರು. ಆಮೇಲೆ ಇನ್ನೊಬ್ಬರ ಜೊತೆ ಮಾತಾಡಲು ಬಿಟ್ಟರು. ಚಂದದ ಮುಖ ಸಿಕ್ಕವರು ಎದುರಿನವರ ಹತ್ತಿರ ಹೋಗಿ ನಿಂತರು, ತಮ್ಮ ಬಗ್ಗೆ ಜಾಸ್ತಿ ಹೇಳಿಕೊಂಡರು. ಇನ್ನೊಂದು ಪ್ರಯೋಗದಲ್ಲಿ ಎತ್ತರ ಬದಲಿಸಿ ದುಡ್ಡು ಹಂಚಿಕೊಳ್ಳುವ ಆಟ ಆಡಿಸಿದರು. ನನಗೆ 75, ನಿನಗೆ 25 ಅನ್ನುವ ಅನ್ಯಾಯದ ಪಾಲಿಗೆ ಗಿಡ್ಡ ಮೈಯಲ್ಲಿದ್ದವರು ಉಳಿದವರಿಗಿಂತ ಬೇಗ ಒಪ್ಪಿಕೊಂಡರು. ಇದಕ್ಕೆ ಅವರು ಪ್ರೋಟಿಯಸ್ ಎಫೆಕ್ಟ್ ಅಂತ ಹೆಸರಿಟ್ಟರು. ಪ್ರೋಟಿಯಸ್ ಅಂದರೆ ಬೇಕಾದ ರೂಪ ತಾಳುವ ಗ್ರೀಕರ ಸಮುದ್ರದೇವರು.

ಇದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದು ಸಣ್ಣ ವಿವರ. ಎದುರಿಗೆ ನಿಂತ ವ್ಯಕ್ತಿಗೆ ಆ ಚಂದದ ಮುಖ ಕಾಣುತ್ತಲೇ ಇರಲಿಲ್ಲ. ಯಾವ ಮುಖ ಕೊಟ್ಟಿದ್ದಾರೆ ಅಂತಲೂ ಗೊತ್ತಿರಲಿಲ್ಲ. ಹಾಗಾಗಿ ಎದುರಿನವರು ಚೆನ್ನಾಗಿ ನಡೆಸಿಕೊಂಡರು, ಅದಕ್ಕೆ ಇವರಿಗೆ ಧೈರ್ಯ ಬಂತು ಅನ್ನುವ ಹಾಗಿಲ್ಲ. ಕನ್ನಡಿಯಲ್ಲಿ ತಮ್ಮನ್ನು ತಾವು ನೋಡಿಕೊಂಡರು, ಅಷ್ಟೇ ಸಾಕಾಯಿತು.

ನಮ್ಮ ಕಡೆ ಮೊಹರಂನಲ್ಲಿ ಹುಲಿ ವೇಷ ಹಾಕುತ್ತಾರೆ. ಎಷ್ಟೋ ಮನೆಗಳಲ್ಲಿ ಹರಕೆ ಹೊತ್ತು ಮಕ್ಕಳಿಗೆ ಹಾಕಿಸುತ್ತಾರೆ. ಹಿಂದೂ ಮನೆಗಳೂ ಇರುತ್ತವೆ, ಮುಸ್ಲಿಂ ಮನೆಗಳೂ ಇರುತ್ತವೆ. ಮೈತುಂಬ ಪಟ್ಟೆ ಬರೆದು, ಹಲಗೆ ಬಡಿಯಲು ಶುರುವಾದರೆ, ದಿನಾ ಯಾರಾದರೂ ಬಂದಾಗ ಅವ್ವನ ಸೆರಗಿನ ಹಿಂದೆ ನಿಲ್ಲುವ ಹುಡುಗ ಓಣಿಯ ಹಿರಿಯರ ಮೇಲೇ ಹಾರಿ ಬರುತ್ತಾನೆ. ಅಲ್ಲಿ ಎರಡೂ ಕೆಲಸ ಒಟ್ಟಿಗೆ ನಡೆಯುತ್ತವೆ. ತನ್ನ ಕೈ ಮೇಲಿನ ಪಟ್ಟೆ ಅವನಿಗೂ ಕಾಣುತ್ತದೆ, ಓಣಿಯೂ ಅವನನ್ನು ಹುಲಿ ಅಂತಲೇ ನಡೆಸಿಕೊಳ್ಳುತ್ತದೆ. ಸ್ಟ್ಯಾನ್‌ಫರ್ಡ್‌ನವರು ಈ ಎರಡನ್ನು ಬಿಡಿಸಿ ನೋಡಿದರು. ನನ್ನ ಕೆಲಸಕ್ಕೆ ಇದು ಬಹಳ ಬೇಕಾಯಿತು, ಯಾಕೆ ಅಂತ ಮುಂದೆ ಹೇಳುತ್ತೇನೆ.

ಮಾತು ಮುಗಿದ ಮೇಲೆ ಮುಖಕ್ಕೆ ಕೈ ಹಾಕುವುದಿಲ್ಲ. ಮೊದಲು ಬೂದು ಬಣ್ಣದ ಬರೀ ಮೈ. ಮುಖ ಇಲ್ಲ, ಬಟ್ಟೆ ಇಲ್ಲ. ಎತ್ತರ, ಭುಜದ ಅಗಲ, ಕೈ ಉದ್ದ ಮಾತ್ರ. ಊರಿನವರಾದರೆ ಮನೆಗೇ ಬಂದು ಹೆಡ್‌ಸೆಟ್ ಹಾಕಿ ನೋಡುತ್ತಾರೆ. ದುಬೈನಲ್ಲಿರುವ ನಮ್ಮ ಕಾಕಾನ ಮಗ ತಂದುಕೊಟ್ಟ ಹೆಡ್‌ಸೆಟ್ ಅದು. ಕಣ್ಣಿನ ಎತ್ತರ ಸರಿಯಿಲ್ಲದಿದ್ದರೆ ತೇಲಿದ ಹಾಗೆ ಅನ್ನಿಸುತ್ತದೆ. ಕೈ ಉದ್ದ ತಪ್ಪಿದರೆ ಮೊಣಕೈ ವಿಚಿತ್ರವಾಗಿ ಮಡಚುತ್ತದೆ. ಅಲ್ಲಿಗೆ ನಂಬಿಕೆ ಹೋಯಿತು. 1998ರಲ್ಲಿ ಬೊಟ್ವಿನಿಕ್ ಮತ್ತು ಕೋಹೆನ್ ಎಂಬ ಸಂಶೋಧಕರು ಒಂದು ರಬ್ಬರ್ ಕೈ ಇಟ್ಟು ಪ್ರಯೋಗ ಮಾಡಿದ್ದರು. ನಿಜವಾದ ಕೈಯನ್ನು ಮರೆಯಲ್ಲಿಟ್ಟು, ಎರಡನ್ನೂ ಒಂದೇ ಹೊತ್ತಿಗೆ ಬ್ರಷ್‌ನಿಂದ ಸವರಿದಾಗ ರಬ್ಬರ್ ಕೈಯೇ ತಮ್ಮದು ಅಂತ ಜನರಿಗೆ ಅನ್ನಿಸಿತು. ಸವರುವ ಹೊತ್ತು ಹೊಂದದಿದ್ದರೆ ಆ ಅನಿಸಿಕೆ ಬಿದ್ದುಹೋಗುತ್ತದೆ. ನನ್ನ ಕೆಲಸದಲ್ಲೂ ಎಲ್ಲಕ್ಕಿಂತ ಮೊದಲು ಈ ಹೊಂದಾಣಿಕೆ. ಕೈ ಎತ್ತಿದಾಗ ಕನ್ನಡಿಯಲ್ಲಿ ಆಗಲೇ ಎತ್ತಬೇಕು. ಮುಖ ಎಷ್ಟು ಚಂದ ಇದ್ದರೂ ತಡವಾಗಿ ಎತ್ತುವ ಕೈಯನ್ನು ಮನಸ್ಸು ತನ್ನದು ಅನ್ನುವುದಿಲ್ಲ.

ಆ ಬೂದು ಮೈಯಲ್ಲೇ ಎಷ್ಟೋ ತೀರ್ಮಾನ ಆಗಿಬಿಡುತ್ತದೆ. ಎತ್ತರ ಕೇಳಿದ್ದ ಹುಡುಗನಿಗೆ ಬಹಳ ಎತ್ತರದ್ದೂ ಕೊಟ್ಟೆ, ಅವನದೇ ಎತ್ತರಕ್ಕೆ ಸ್ವಲ್ಪ ಮಾತ್ರ ಸೇರಿಸಿದ್ದನ್ನೂ ಕೊಟ್ಟೆ. ಬಹಳ ಎತ್ತರದ್ದು ಹಾಕಿಕೊಂಡು ನಕ್ಕ, ಕೈ ಬೀಸಿದ, ಆಟ ಆಡಿದ. ಸ್ವಲ್ಪ ಎತ್ತರದ್ದು ಹಾಕಿಕೊಂಡಾಗ ಮಾತಾಡತೊಡಗಿದ. ಎರಡನೆಯದೇ ಇರಲಿ ಅಂದ. ಒಬ್ಬ ಹುಡುಗನ ಮೇಲೆ ಸಿದ್ಧಾಂತ ಕಟ್ಟುವಂತಿಲ್ಲ. ಆದರೆ ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ತಮ್ಮಿಂದ ತೀರಾ ದೂರದ ಮೈ ಸಿಕ್ಕರೆ ಜನ ಆಟ ಆಡುತ್ತಾರೆ. ಹತ್ತಿರದ ಮೈ ಸಿಕ್ಕರೆ ಅದರಲ್ಲಿ ಏನಾದರೂ ಮಾಡುತ್ತಾರೆ.

ಆಟವೂ ಬೇಕು ಬಿಡಿ. ಬ್ಯಾಂಕ್ ಕೆಲಸದವರೊಬ್ಬರು ಮುಂಗುಸಿ ಆಗಬೇಕು ಅಂದರು. "ದಿನಾ ಮುಂಜಾನಿಂದ ಸಾಲ, ಕೆವೈಸಿ, ಪಾಸ್‌ಬುಕ್. ಮುಂಗುಸಿಗಿ ಯಾರೂ ಏನೂ ಕೇಳಂಗಿಲ್ಲ ನೋಡ್ರಿ." ಇಂಥ ಆರ್ಡರ್ ನನಗೆ ಬಲು ಇಷ್ಟ. ಅದಕ್ಕೂ ಮೊದಲು ಅವರು ಕೇಳಿದ್ದು ಚಿಕ್ಕ ಮಗುವಿನ ಮೈ. ಅಲ್ಲಿ ನಾನು ಸ್ವಲ್ಪ ತಡೆದೆ. ಬಾರ್ಸಿಲೋನಾದ ಸಂಶೋಧಕ ಮೆಲ್ ಸ್ಲೇಟರ್ ಅವರ ತಂಡ 2013ರಲ್ಲಿ ದೊಡ್ಡವರನ್ನು ನಾಲ್ಕು ವರ್ಷದ ಮಗುವಿನ ಮೈಯಲ್ಲಿ ಇಟ್ಟು ನೋಡಿತ್ತು. ಹೋಲಿಸಲು ಅದೇ ಎತ್ತರಕ್ಕೆ ಕುಗ್ಗಿಸಿದ ದೊಡ್ಡವರ ಮೈಯನ್ನೂ ಕೊಟ್ಟಿತ್ತು. ಎತ್ತರ ಒಂದೇ ಆಗಿದ್ದರೂ ಮಗುವಿನ ಮೈಯಲ್ಲಿದ್ದವರಿಗೆ ಸುತ್ತಲಿನ ವಸ್ತುಗಳು ಇನ್ನೂ ದೊಡ್ಡದಾಗಿ ಕಂಡವು. ಅಂದರೆ ಮೈ ಯಾವ ಬಗೆಯದು ಅನ್ನುವುದು ನೋಟವನ್ನೇ ಬದಲಿಸುತ್ತದೆ. ಅಪರಿಚಿತರು ತುಂಬಿರುವ ಕಡೆ ಮಗುವಿನ ಮೈ ಹಾಕಿಕೊಂಡರೆ ಬರುವ ತೊಂದರೆಗಳು ಬೇರೆಯೇ ಇವೆ. ಹಾಗಾಗಿ ಮುಂಗುಸಿಯೇ ಆಯಿತು. ಅವರು ಫೋನಿನಲ್ಲಿ ಪ್ರತಿ ಮಾತಿಗೂ ತಲೆಯನ್ನು ಒಂದು ಬದಿಗೆ ವಾಲಿಸಿ "ಆಯ್ತಾಯ್ತು" ಅನ್ನುತ್ತಿದ್ದರು. ಆ ವಾಲುವಿಕೆಯನ್ನು ಮುಂಗುಸಿಗೂ ಇಟ್ಟೆ.

ಅದನ್ನು ಯಾಕೆ ಇಟ್ಟೆ? ನನ್ನ ಎಲ್ಲ ಕೆಲಸದಲ್ಲೂ ಇರುವ ಒಂದು ಪದ್ಧತಿ ಅದು. ಅವತಾರ್ ಎಷ್ಟೇ ಬೇರೆಯಾಗಿರಲಿ, ಅದರಲ್ಲಿ ಆ ಮನುಷ್ಯರದೇ ಒಂದು ನಿಜ ಇರಬೇಕು. ಇದರ ಬೆಲೆ ನನಗೆ ಚೆನ್ನಾಗಿ ಗೊತ್ತಾಗಿದ್ದು ತತ್ವಪದ ಹಾಡುವ ಒಬ್ಬ ಹೆಂಗಸಿನಿಂದ.

ಅವರಿಗೆ ನಲವತ್ತು ದಾಟಿರಬಹುದು. ನಾನು ವೈನಿ ಅನ್ನುತ್ತೇನೆ, ಅವರು ನನಗೆ ತಂಗಿ ಅನ್ನುತ್ತಾರೆ. ಕಡಕೋಳ ಮಡಿವಾಳಪ್ಪನವರ ಪದಗಳು ಅವರಿಗೆ ಬಾಯಿಪಾಠ. ಮಠದಲ್ಲಿ, ಮನೆಯ ಭಜನೆಯಲ್ಲಿ ಹಾಡಿದವರು. ಯೂಟ್ಯೂಬ್‌ಗೆ ಹಾಕಬೇಕೆಂಬ ಆಸೆ. ಮುಖ ತೋರಿಸಲು ಮನೆಯಲ್ಲಿ ಒಪ್ಪಿಗೆ ಇಲ್ಲ. "ದನಿ ಹಾಕು ಅಂತಾರ, ಮಾರಿ ಬ್ಯಾಡಂತಾರ. ಬರೇ ದನಿ ಹಾಕಿದ್ರ ಯಾರ್ ನೋಡ್ತಾರ ತಂಗಿ?" ವೆಬ್‌ಕ್ಯಾಮ್ ಮುಂದೆ ಕೂತರೆ ಸಾಕು, ಕಣ್ಣು ಮಿಟುಕಿಸಿದ್ದು, ತಲೆ ಅಲ್ಲಾಡಿಸಿದ್ದು, ಬಾಯಿ ತೆರೆದದ್ದು ಎಲ್ಲ ಗೊಂಬೆಗೆ ಹೋಗುತ್ತದೆ. ಅದಕ್ಕೆ ವಿಸೀಫೇಸ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ.

ಇಳಕಲ್ ಸೀರೆ ಉಟ್ಟ ಗೊಂಬೆ ಮಾಡೋಣ ಅಂದೆವು. ವಿರಾಯ್ಡ್‌ನಲ್ಲಿ ಸಿದ್ಧವಾಗಿ ಸಿಗುವ ಬಟ್ಟೆಗಳೆಲ್ಲ ಜಪಾನಿನ ಕಾರ್ಟೂನ್ ಹುಡುಗಿಯರ ಅಳತೆಯವು. ಸೀರೆಯನ್ನು ಬ್ಲೆಂಡರ್‌ನಲ್ಲಿ ನಾನೇ ಮಾಡಬೇಕಾಯಿತು. ನಿರಿಗೆಗಳನ್ನು ಒಂದೇ ಗಟ್ಟಿ ತುಂಡಾಗಿ ಮಾಡಿದೆ, ಸೆರಗಿಗೆ ಮಾತ್ರ ಮೂಳೆ ಇಟ್ಟು ಅಲುಗುವ ಹಾಗೆ ಮಾಡಿದೆ. ಟೋಪ್ ತೆನೆ ಸೆರಗಿನ ಕೆಂಪು ಬಿಳಿ ಹಲ್ಲುಗಳನ್ನು ಟೆಕ್ಸ್ಚರ್‌ನಲ್ಲಿ, ಅಂದರೆ ಮೇಲೆ ಹೊದಿಸುವ ಚಿತ್ರದಲ್ಲಿ, ಬರೆದೆ. ತುಟಿಯ ಕೆಲಸ ಇನ್ನೂ ಜಾಸ್ತಿ ಹಿಡಿಯಿತು. ಪ, ಬ, ಮ ಬಂದಾಗ ತುಟಿ ಪೂರ್ತಿ ಮುಚ್ಚಲೇಬೇಕು, ಇಲ್ಲದಿದ್ದರೆ ಕನ್ನಡ ಹಾಡಿದ ಹಾಗೇ ಕಾಣುವುದಿಲ್ಲ. ಸಾಫ್ಟ್‌ವೇರ್‌ನ ಅಳತೆಯಲ್ಲೇ 'ಆ' ಬಿಟ್ಟರೆ ಚೀರಿದ ಹಾಗೆ ಕಾಣುತ್ತದೆ. ತತ್ವಪದದಲ್ಲಿ 'ಆ' ಎಷ್ಟು ಉದ್ದ ಎಳೆಯುತ್ತಾರೆ ಗೊತ್ತಲ್ವಾ. ಅದನ್ನು ಅರ್ಧಕ್ಕೆ ಇಳಿಸಿದೆ.

ಮುಖವನ್ನು ಅವರ ಹಾಗೇ ಮಾಡಲಿಲ್ಲ, ಮಾಡಬಾರದೆಂಬುದೇ ಮನೆಯವರ ಷರತ್ತು. ಮಾಡಬಹುದು ಅಂದಿದ್ದರೂ ನಾನು ಪೂರ್ತಿ ನಿಜದ ಮುಖ ಮಾಡುತ್ತಿರಲಿಲ್ಲ. ಮನುಷ್ಯರನ್ನು ಬಹುಮಟ್ಟಿಗೆ ಹೋಲುವ, ಆದರೆ ಪೂರ್ತಿ ಹೋಲದ ಮುಖ ನೋಡಿದರೆ ಒಂಥರಾ ಆಗುತ್ತದೆ. ಜಪಾನಿನ ಮಸಾಹಿರೊ ಮೋರಿ ರೋಬೋಟ್‌ಗಳ ಬಗ್ಗೆ ಇದನ್ನು 1970ರಲ್ಲೇ ಬರೆದು, ಆ ಘಟ್ಟವನ್ನು ಒಂದು ಹಳ್ಳಕ್ಕೆ ಹೋಲಿಸಿದ್ದರು. ನನ್ನ ಲ್ಯಾಪ್‌ಟಾಪ್ ಆ ಹಳ್ಳ ದಾಟುವಷ್ಟು ಗಟ್ಟಿ ಇಲ್ಲ. ಈಚೆ ದಡದಲ್ಲೇ, ಕಾರ್ಟೂನಿನಲ್ಲೇ ಇರುವುದು ವಾಸಿ.

ಗೊಂಬೆ ಹಾಕಿಕೊಂಡ ಮೊದಲ ದಿನವೇ ವೈನಿಯ ದನಿ ತೆರೆದುಕೊಂಡಿತು. ಮನೆಯಲ್ಲಿ ಹಾಡುವಾಗ ತಗ್ಗಿಸಿ ಹಾಡುತ್ತಿದ್ದವರು ಮೇಲಿನ ಸ್ವರಕ್ಕೆ ಹೆದರದೆ ಹೋದರು. ವೀಡಿಯೊಗಳನ್ನು ಜನ ನೋಡತೊಡಗಿದರು, ಒಳ್ಳೆಯ ಮಾತು ಬಂದವು. ಕೆಲವು ವಾರ ಕಳೆದ ಮೇಲೆ ಫೋನ್ ಮಾಡಿ ಹೇಳಿದರು: "ಎಲ್ಲಾರೂ ಗೊಂಬಿಗಿ ಶಬ್ಬಾಶ್ ಅಂತಾರ. ನನಗ ಏನ್ ಬಂತು ತಂಗಿ? ಒಲಿ ಮುಂದ ನಿಂತಾಗ ನಾ ಅದೇ ಮೊದಲಿನಾಕಿ."

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಗೆಳತಿಯನ್ನು ಕೇಳಿದೆ. ಅವಳು 2007ರ ಇನ್ನೊಂದು ಅಧ್ಯಯನ ತೋರಿಸಿದಳು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನುವ ಆನ್‌ಲೈನ್ ಆಟ ಆಡುವವರು ತಮ್ಮ ಪಾತ್ರವನ್ನು ತಮಗಿಂತ ಒಳ್ಳೆಯದಾಗಿ, ತಾವು ಆಗಬೇಕೆಂದಿರುವ ಮನುಷ್ಯರಿಗೆ ಹತ್ತಿರವಾಗಿ ಕಾಣುತ್ತಾರಂತೆ. ತಮ್ಮ ಬಗ್ಗೆ ತಮಗೆ ಬೇಸರ ಇರುವವರಲ್ಲಿ ಈ ಅಂತರ ಇನ್ನೂ ಜಾಸ್ತಿ. ಅಂತರ ಇರಲಿ, ಅದರಿಂದಲೇ ಧೈರ್ಯ ಬರುವುದು. ಆದರೆ ಅಲ್ಲಿ ಸಿಕ್ಕ ಶಬ್ಬಾಶ್‌ಗಿರಿ ಇಲ್ಲಿಗೆ ವಾಪಸ್ ಬರಲು ಒಂದು ದಾರಿ ಬೇಕಲ್ಲ?

ನಾವು ಎರಡು ಕೆಲಸ ಮಾಡಿದೆವು. ವೈನಿ ದಿನಾ ಹಾಕುವ ಮೂಗುತಿಯನ್ನೇ ಗೊಂಬೆಗೂ ಹಾಕಿದೆ. ಸಣ್ಣದು, ನೋಡುವವರಿಗೆ ಲೆಕ್ಕಕ್ಕೇ ಬರುವುದಿಲ್ಲ. ಅವರಿಗೆ ಮಾತ್ರ ಗೊತ್ತು. ಇನ್ನೊಂದು, ಪ್ರತಿ ಹಾಡಿನ ಕೊನೆಗೆ ಈ ಪದವನ್ನು ತಾನು ಯಾರಿಂದ ಕಲಿತೆ, ಎಲ್ಲಿ ಮೊದಲು ಕೇಳಿದೆ ಅಂತ ನಾಲ್ಕು ಮಾತು. ಅತ್ತೆಯಿಂದ ಕಲಿತದ್ದು, ಜೋಳದ ರಾಶಿ ಮಾಡುವಾಗ ಕೇಳಿದ್ದು, ಹೀಗೆ. ಅದೂ ನಮ್ಮ ಕಲಬುರಗಿ ಮಾತಿನಲ್ಲೇ. ಆಮೇಲೆ ಬರುವ ಮಾತಿನ ಧಾಟಿ ಬದಲಾಯಿತು. "ನಿಮ್ಮ ಅತ್ತಿ ಹಾಡಿದ್ದು ಇನ್ನೊಂದು ಹಾಡ್ರಿ ಅಕ್ಕಾ" ಅಂತ ಬರೆಯತೊಡಗಿದರು. ಅದು ಗೊಂಬೆಗೆ ಹೇಳಿದ ಮಾತಲ್ಲ, ವೈನಿಗೇ ಹೇಳಿದ್ದು. ಮೂಗುತಿ ಕೆಲಸ ಮಾಡಿತೋ ನಾಲ್ಕು ಮಾತು ಕೆಲಸ ಮಾಡಿತೋ ಹೇಳಲಾರೆ. ನನ್ನ ಅಂದಾಜು ಮಾತಿನ ಕಡೆ. ವೈನಿ ಮಾತ್ರ ಮೂಗುತಿ ಅನ್ನುತ್ತಾರೆ.

ಅಂದಿನಿಂದ ಪ್ರತಿ ಆರ್ಡರ್‌ನಲ್ಲೂ ಆ ಒಂದು ನಿಜವನ್ನು ಹುಡುಕುತ್ತೇನೆ. ಕೆಲವರಿಗೆ ಚಷ್ಮಾ, ಕೆಲವರಿಗೆ ನಿಲ್ಲುವ ಭಂಗಿ. ಆಳಂದ ಕಡೆಯ ಒಬ್ಬ ಹುಡುಗನಿಗೆ ಅದು ಮಡಚಿದ ತೋಳಾಗಿತ್ತು. ಅವನು ಇಂಟರ್‌ವ್ಯೂ ಅಭ್ಯಾಸಕ್ಕೆ ಅವತಾರ್ ಕೇಳಿದ್ದ. ವಿಆರ್ ಒಳಗೆ ಗೆಳೆಯರು ಪ್ರಶ್ನೆ ಕೇಳುತ್ತಾರೆ, ಇವನು ಉತ್ತರ ಹೇಳಬೇಕು. "ಕೋಟ್, ಟೈ ಹಾಕ್ರಿ ಅಕ್ಕಾ, ಸಾಹೇಬ ಕಂಡಂಗ ಕಾಣಬೇಕು." ಕೋಟು ಹಾಕಿದೆ. ಹಾಕಿಕೊಂಡ ತಕ್ಷಣ ಕೂರುವ ರೀತಿ ಬದಲಾಯಿತು, ಬೆನ್ನು ನೆಟ್ಟಗಾಯಿತು. ಮಾತೂ ನೆಟ್ಟಗಾಯಿತು, ಅದೇ ತೊಂದರೆ. ಬಾಯಿಪಾಠ ಮಾಡಿದ ಇಂಗ್ಲಿಷ್ ವಾಕ್ಯಗಳು ಬಿಟ್ಟರೆ ಬೇರೇನೂ ಬರಲಿಲ್ಲ.

ಸ್ಲೇಟರ್ ಅವರ ತಂಡದ್ದೇ ಇನ್ನೊಂದು ಪ್ರಯೋಗ ಇದೆ, ಅದೂ 2013ರದು. ಬಿಳಿಯರಿಗೆ ವಿಆರ್‌ನಲ್ಲಿ ಆಫ್ರಿಕಾದ ಕೈಡೋಲು ಬಾರಿಸಲು ಕೊಟ್ಟರು. ಕೆಲವರು ಕೋಟು ಹಾಕಿದ ಬಿಳಿ ಮೈಯಲ್ಲಿದ್ದರು, ಕೆಲವರು ಸಾದಾ ಬಟ್ಟೆಯ ಕಪ್ಪು ಮೈಯಲ್ಲಿ. ಎರಡನೆಯವರು ಹೆಚ್ಚು ಬಿಡುಬೀಸಾಗಿ ಮೈ ಆಡಿಸಿ ಬಾರಿಸಿದರು. ಬಟ್ಟೆಗೂ ಬಣ್ಣಕ್ಕೂ ನಮ್ಮ ತಲೆಯಲ್ಲಿ ಮೊದಲೇ ಒಂದು ಕಥೆ ಇರುತ್ತದೆ. ಅವತಾರ್ ಆ ಕಥೆಯನ್ನು ನಮ್ಮಿಂದ ಆಡಿಸುತ್ತದೆ. ಆ ಕಥೆ ಒಳ್ಳೆಯದೇ ಇರಬೇಕೆಂದೇನಿಲ್ಲ. ಹುಡುಗನ ತಲೆಯಲ್ಲಿ ಕೋಟಿನ ಕಥೆ ಏನಿತ್ತು? ಕೋಟು ಹಾಕಿದವನು ತಪ್ಪು ಮಾತಾಡಬಾರದು. ಎರಡನೆಯ ಫೈಲಿನಲ್ಲಿ ಅವನದೇ ತಿಳಿನೀಲಿ ಅಂಗಿ ಹಾಕಿ, ಅವನು ಮಡಚುವ ಹಾಗೆಯೇ ಮೊಣಕೈವರೆಗೆ ತೋಳು ಮಡಚಿದೆ. ತಮ್ಮ ಹೊಲದಲ್ಲಿ ತೊಗರಿಗೆ ನೆಟೆರೋಗ ಬಂದಾಗ ತಾನು ಏನು ಮಾಡಿದೆ ಅಂತ ಅದರಲ್ಲಿ ತಾನಾಗಿಯೇ ಹೇಳಿದ. ಇಂಟರ್‌ವ್ಯೂದಲ್ಲಿ ಹೇಳಬೇಕಾದದ್ದು ಅದೇ ಅಲ್ವಾ? ಎರಡೂ ಫೈಲ್ ಅವನ ಹತ್ತಿರ ಇವೆ. ಬೆನ್ನು ನೆಟ್ಟಗಾಗಲು ಕೋಟು, ಮಾತಿಗೆ ಅಂಗಿ ಅನ್ನುತ್ತಾನೆ.

ಬಣ್ಣದ ಮಾತು ಬಂತು, ಹೇಳಿಬಿಡುತ್ತೇನೆ. "ಕಲರ್ ಸ್ವಲ್ಪ ತಿಳಿ ಮಾಡ್ರಿ" ಅನ್ನದ ಗಿರಾಕಿಗಳು ಬಹಳ ಕಡಿಮೆ. ಉಪದೇಶ ಮಾಡಲು ಹೋಗುವುದಿಲ್ಲ, ಅದರಿಂದ ಯಾರ ಮನಸ್ಸೂ ಬದಲಾಗಿದ್ದು ನೋಡಿಲ್ಲ. ನಾನು ಕಂಡುಕೊಂಡಿದ್ದು ಬೇರೆ. ಬೆಳಕು ನೆರಳು ಹೇಗೆ ಕಾಣಬೇಕು ಅಂತ ಹೇಳುವ ಶೇಡರ್ ಕಾರ್ಟೂನ್ ಶೈಲಿಯದಾದರೆ ನೆರಳಿಗೆ ಬೇರೆ ಬಣ್ಣ ಕೊಡಬೇಕು. ಬಿಳಿ ಚರ್ಮಕ್ಕೆ ಹೊಂದುವ ನೆರಳನ್ನೇ ಕಂದು ಚರ್ಮಕ್ಕೆ ಬಿಟ್ಟರೆ ಮುಖ ಬೂದಿ ಬಳಿದ ಹಾಗೆ ಕಾಣುತ್ತದೆ. ಜನ ತೆರೆ ಮೇಲೆ ನೋಡಿದ ಕಂದು ಮುಖಗಳು ಎಷ್ಟೋ ಸಲ ಹೀಗೆ ಕೆಟ್ಟದಾಗಿ ಮಾಡಿದವೇ. ಅದಕ್ಕೆ ಹಗಲು ಬೆಳಕಿನಲ್ಲಿ ಅವರ ಮುಂಗೈ ಒಳಭಾಗದ ಫೋಟೋ ತರಿಸಿ, ಆ ಬಣ್ಣ ತೆಗೆದು, ನೆರಳಿಗೆ ಕೆಂಪು ಕಂದು ಹಾಕಿ ಮೊದಲು ಅದನ್ನೇ ತೋರಿಸುತ್ತೇನೆ. ತಿಳಿ ಬಣ್ಣದ್ದನ್ನೂ ಕೊಡುತ್ತೇನೆ, ಕೇಳಿದ ಮೇಲೆ. ಕೇಳುವವರು ಈಗ ಕಡಿಮೆಯಾಗಿದ್ದಾರೆ. ಎಲ್ಲರೂ ಬಿಟ್ಟಿದ್ದಾರೆ ಅಂದರೆ ಸುಳ್ಳಾಗುತ್ತದೆ.

ಈಗ ಆ ಸ್ಟ್ಯಾನ್‌ಫರ್ಡ್ ವಿವರಕ್ಕೆ ಬರುತ್ತೇನೆ. ನಮಗೆ ಕಾಣುವ ಮೈ ಒಂದು, ಎದುರಿನವರಿಗೆ ಕಾಣುವ ಮೈ ಇನ್ನೊಂದು. ಪ್ರಯೋಗಕ್ಕಾಗಿ ಅವರು ಬೇಕೆಂದೇ ಹಾಗೆ ಮಾಡಿದ್ದರು. ವಿಆರ್‌ಚಾಟ್‌ನಲ್ಲಿ ಇದು ದಿನಾ ತಾನಾಗಿಯೇ ಆಗುತ್ತದೆ. ಅವತಾರ್ ಫೈಲ್ ಭಾರವಾದರೆ ಬೇರೆಯವರ ಸಾಧನ ಅದನ್ನು ತೋರಿಸದೇ ಇರಬಹುದು, ಬದಲಿಗೆ ಯಾವುದೋ ಸಾದಾ ಗೊಂಬೆ ತೋರಿಸುತ್ತದೆ. ಮೊಬೈಲ್ ಮತ್ತು ಮೆಟಾದ ಕ್ವೆಸ್ಟ್ ಹೆಡ್‌ಸೆಟ್‌ಗೆ, ಮೈ ಕಟ್ಟುವ ಸಣ್ಣ ತ್ರಿಕೋನಗಳು (ಟ್ರೈಯಾಂಗಲ್) 20,000 ದಾಟಿದರೆ 'ವೆರಿ ಪೂರ್' ಅನ್ನುವ ದರ್ಜೆ ಬೀಳುತ್ತದೆ. ಫೈಲ್ 10 ಎಂಬಿ ಮೀರುವಂತಿಲ್ಲ. ವಿರಾಯ್ಡ್‌ನ ಕೂದಲೊಂದೇ ಅದರಲ್ಲಿ ದೊಡ್ಡ ಪಾಲು ತಿಂದುಬಿಡುತ್ತದೆ. ನಿರಿಗೆ ಸೀರೆಯ ಕಥೆ ಕೇಳಲೇಬೇಡಿ. ಮೈಗೆ ಅಂಟಿದ ಅಂಚುಗಳನ್ನೆಲ್ಲ ಕಡಿಮೆ ಮಾಡಿ, ಬಟ್ಟೆಯ ಕೆಳಗೆ ಕಾಣದ ಮೈಯನ್ನು ಅಳಿಸಿ, ಜಡೆಯನ್ನು ಒಂದೇ ತುಂಡಾಗಿ ಮಾಡಿ ಲೆಕ್ಕಕ್ಕೆ ತರುತ್ತೇನೆ. ಗಿರಾಕಿಗಳಿಗೆ ಇದು ಬೋರ್ ಹೊಡೆಸುವ ವಿಷಯ. ಆದರೆ ತಾನು ಇಳಕಲ್ ಸೀರೆಯಲ್ಲಿ ನಿಂತಿದ್ದೇನೆ ಅಂದುಕೊಂಡು ಮಾತಾಡುತ್ತಿರುವಾಗ ಎದುರಿನವರಿಗೆ ಬೇರೆ ಏನೋ ಕಾಣುತ್ತಿದ್ದರೆ ಹೇಗೆ? ಅದಕ್ಕೆ ಫೈಲ್ ಕೊಡುವ ಮೊದಲು ಇನ್ನೊಂದು ಮೊಬೈಲಿನಲ್ಲಿ ತೆಗೆದು, ನೀವು ಬೇರೆಯವರಿಗೆ ಹೀಗೆ ಕಾಣುತ್ತೀರಿ ಅಂತ ತೋರಿಸುತ್ತೇನೆ.

ಕೊಡುವ ದಿನ ಬಟ್ಟೆ ಬದಲಿಸುವ ಮೆನುಗಿಂತ ಮೊದಲು ಬ್ಲಾಕ್ ಮಾಡುವುದು ಹೇಗೆ, ಅಪರಿಚಿತರನ್ನು ದೂರ ಇಡುವುದು ಹೇಗೆ ಅಂತ ಕಲಿಸುತ್ತೇನೆ. ಹುಡುಗಿಯರಿಗಂತೂ ಖಂಡಿತ. "ಅದೇನ್ ನಿಜವಾದ ಮೈ ಅಲ್ಲಲ್ಲ" ಅನ್ನುವವರಿಗೆ ಲ್ಯಾಂಬ್ಡಾಮೂ ಘಟನೆ ಹೇಳುತ್ತೇನೆ. ಲ್ಯಾಂಬ್ಡಾಮೂ ಅಂದರೆ ಜನ ಇಂಟರ್ನೆಟ್‌ನಲ್ಲಿ ಟೈಪ್ ಮಾಡಿ ಸೇರುತ್ತಿದ್ದ ಬರೀ ಅಕ್ಷರಗಳ ಲೋಕ, ಚಿತ್ರವೇ ಇರಲಿಲ್ಲ. ಅಲ್ಲಿ ಒಬ್ಬ ಬೇರೆಯವರ ಪಾತ್ರಗಳ ಮೇಲೆ ಲೈಂಗಿಕ ಹಿಂಸೆ ನಡೆದ ಹಾಗೆ ಸಾಲುಗಳನ್ನು ಬರೆದ. ಆಮೇಲೆ ಅದರ ಬಗ್ಗೆ ಬರೆಯುವಾಗ ಕಣ್ಣೀರು ಬಂತೆಂದು ಒಬ್ಬಾಕೆ ಹೇಳಿಕೊಂಡಿದ್ದಳು. 1993ರಲ್ಲಿ ಪತ್ರಕರ್ತ ಜೂಲಿಯನ್ ಡಿಬೆಲ್ ಇದನ್ನು ಬರೆದರು. ಬರೀ ಅಕ್ಷರಕ್ಕೇ ಹಾಗಾದರೆ ಕೈ ಎತ್ತಿದರೆ ಕೈ ಎತ್ತುವ ಮೈಗೆ ಆಗುವುದಿಲ್ಲವೇ? ಮೆಟಾ ಕಂಪನಿ 2022ರ ಫೆಬ್ರವರಿಯಲ್ಲಿ ತನ್ನ ವಿಆರ್ ಲೋಕದಲ್ಲಿ ಅವತಾರ್‌ಗಳ ನಡುವೆ ಸುಮಾರು 4 ಅಡಿ ಅಂತರ ತಂದಿತು. ತಂದದ್ದು ತಡವಾಗಿಯೇ.

ಮಕ್ಕಳ ವಿಷಯದಲ್ಲಿ ಜಾಸ್ತಿ ಹೇಳುವುದಿಲ್ಲ. ವಿಆರ್‌ಚಾಟ್‌ಗೆ 13 ವರ್ಷ ತುಂಬಿರಬೇಕು, ಅದಕ್ಕಿಂತ ಚಿಕ್ಕವರ ಆರ್ಡರ್ ತೆಗೆದುಕೊಳ್ಳುವುದಿಲ್ಲ. 18ರೊಳಗಿನವರಾದರೆ ಫೋನಿನಲ್ಲಿ ಅಪ್ಪ ಅವ್ವ ಇರಬೇಕು. "ನಮ್ಮ ಹುಡುಗಗ ಚಟ ಆಗ್ಯಾದೇನ್ರಿ?" ಅಂತ ಅವ್ವಂದಿರು ಕೇಳುತ್ತಾರೆ. ಅದನ್ನು ಹೇಳಲು ನಾನು ಯಾರು? ವಿಶ್ವ ಆರೋಗ್ಯ ಸಂಸ್ಥೆ ಆಟದ ಚಟಕ್ಕೆ ಅಳತೆ ಇಟ್ಟಿದೆ. ಹಿಡಿತ ತಪ್ಪಬೇಕು, ಬೇರೆಲ್ಲಕ್ಕಿಂತ ಆಟವೇ ಮುಂದಾಗಬೇಕು, ಹಾನಿಯಾದರೂ ಬಿಡದಂತಿರಬೇಕು, ಸಾಮಾನ್ಯವಾಗಿ ಇದು 12 ತಿಂಗಳು ನಡೆದಿರಬೇಕು. ಸಂಶಯ ಬಂದರೆ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ ಅನ್ನುತ್ತೇನೆ. 2022ರ ಜುಲೈಯಲ್ಲಿ ಬಿಜಿಎಂಐ ಅನ್ನುವ ಮೊಬೈಲ್ ಗುಂಡಿನ ಆಟವನ್ನು ಭಾರತದಲ್ಲಿ ತೆಗೆದುಹಾಕಿದಾಗ ನಮ್ಮ ಓಣಿಯ ಒಬ್ಬ ಹುಡುಗ ಊಟ ಬಿಟ್ಟು ಕೂತಿದ್ದ. ಅವನ ಅವ್ವ ಆಟದ ಚಟ ಅಂದಳು. ಅವನು ಹೇಳಿದ್ದು, "ಅಲ್ಲಿ ನನಗ ಹೆಸರು ಇತ್ತು ಅಕ್ಕಾ." ಮಾರನೆಯ ವರ್ಷ ಆಟ ವಾಪಸ್ ಬಂತು. ಅಷ್ಟರಲ್ಲಿ ಅವನು ಕ್ರಿಕೆಟ್ ಟೀಮ್ ಸೇರಿಬಿಟ್ಟಿದ್ದ.

ನಾನು ಮಾಡದ ಕೆಲಸಗಳೂ ಇವೆ. ತಲೆಯೊಳಗೆ ಕೇಳುವ ದನಿಗೆ ಮುಖ ಮಾಡಿಕೊಡಿ ಅಂತ ಒಬ್ಬರು ಕೇಳಿದ್ದರು. ಅಂಥ ಚಿಕಿತ್ಸೆ ನಿಜವಾಗಿಯೂ ಇದೆ. ಲಂಡನ್ನಿನ ಮನೋವೈದ್ಯ ಜೂಲಿಯನ್ ಲೆಫ್ ಅದನ್ನು ಶುರು ಮಾಡಿದರು. ರೋಗಿ ತನಗೆ ಕೇಳುವ ದನಿಗೆ ಕಂಪ್ಯೂಟರ್‌ನಲ್ಲಿ ಮುಖ ಕಟ್ಟುತ್ತಾರೆ, ಚಿಕಿತ್ಸಕರು ಆ ಮುಖದ ಮೂಲಕ ಮಾತಾಡುತ್ತಾರೆ, ರೋಗಿ ನಿಧಾನವಾಗಿ ಅದಕ್ಕೆ ಎದುರು ಮಾತಾಡಲು ಕಲಿಯುತ್ತಾರೆ. 2018ರಲ್ಲಿ 150 ಜನರ ಮೇಲೆ ನಡೆದ ಪರೀಕ್ಷೆಯ ಫಲ ಪ್ರಕಟವಾಯಿತು, ಆ ದನಿಗಳ ಕಾಟ ಕಡಿಮೆಯಾಗಿತ್ತು. ಆದರೆ ಅದರಲ್ಲಿ ಮುಖ ಕಟ್ಟುವುದು ಸಣ್ಣ ಭಾಗ. ಅದರ ಪಕ್ಕದಲ್ಲಿ ಕೂರುವ ಡಾಕ್ಟರ್ ಇಲ್ಲದೆ ನಾನು ಮುಖ ಮಾತ್ರ ಮಾಡಿಕೊಟ್ಟರೆ ಏನಾದೀತೋ. ಡಾಕ್ಟರ ಹತ್ತಿರ ಹೋಗಿ ಅಂದೆ, ಅಲ್ಲಿಗೆ ಬಿಟ್ಟೆ.

ಇನ್ನೊಂದು ಆರ್ಡರ್ ಇದಕ್ಕಿಂತ ಕಷ್ಟದ್ದು. ಹೈದರಾಬಾದ್‌ನಲ್ಲಿ ಕೆಲಸ ಮಾಡುವ ಮಗ, ತೀರಿಹೋದ ಅಪ್ಪನ ಅವತಾರ್ ಬೇಕೆಂದು ಕೇಳಿದ. ಫೋಟೋ, ಮದುವೆಯ ವೀಡಿಯೊ, ವಾಟ್ಸ್‌ಆ್ಯಪ್‌ನ ದನಿ, ಎಲ್ಲ ಕಳಿಸುತ್ತೇನೆ ಅಂದ. 2020ರಲ್ಲಿ ದಕ್ಷಿಣ ಕೊರಿಯಾದ ಟಿವಿಯೊಂದು ತಾಯಿಯೊಬ್ಬಳಿಗೆ ತೀರಿಹೋದ ಮಗಳನ್ನು ವಿಆರ್‌ನಲ್ಲಿ ತೋರಿಸಿತ್ತು. ಅದನ್ನು ನೋಡಿದ್ದನಂತೆ. ನಾನು ಅದೇ ಪ್ರಶ್ನೆ ಕೇಳಿದೆ, ಏನು ಮಾಡಬೇಕಂತ ಮಾಡೀರಿ. "ಒಂದ್ ಸಲ ಎದುರಿಗಿ ಕೂತು ಚಾ ಕುಡೀಬೇಕು ರೀ." ನನಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಮನೆಯಲ್ಲಿ ಉಳಿದವರು ಏನನ್ನುತ್ತಾರೆ ಕೇಳಿ ಅಂದೆ. ಅವರ ಅವ್ವ ಇಲ್ಲೇ ಕಲಬುರಗಿಯಲ್ಲಿದ್ದಾರೆ. ಅವರು ನೇರವಾಗಿ ನನಗೇ ಫೋನ್ ಮಾಡಿದರು. "ಅವರಿಗಿ ಫೋಟೋ ತಗಸ್ಕೊಳ್ಳೋದಂದ್ರೇ ಆಗ್ತಿದ್ದಿಲ್ಲವ್ವ. ಈಗ ಕೇಳ್ಲಾಕ ಅವರಿಲ್ಲ. ಬ್ಯಾಡ." ನಾನು ಅವ್ವನ ಮಾತು ಹಿಡಿದೆ. ಮಗನಿಗೆ ಸಿಟ್ಟು ಬಂತು, ಬೇರೆ ಕಡೆ ಮಾಡಿಸಿಕೊಳ್ಳುತ್ತೇನೆ ಅಂದ. ಮಾಡಿಸಿಕೊಂಡಿರಲೂಬಹುದು. ನನ್ನ ಗೆಳತಿ ಅವನ ಪರ, ದುಃಖಕ್ಕೆ ಯಾವ ಔಷಧಿ ಹಿಡಿಯುತ್ತದೆ ಅಂತ ನೀನ್ಯಾಕೆ ತೀರ್ಮಾನ ಮಾಡಬೇಕು ಅನ್ನುತ್ತಾಳೆ. ಈ ವಿಷಯಕ್ಕೆ ಕೆರೆ ಸುತ್ತ ಎಷ್ಟೋ ಸಲ ಜಗಳ ಆಡಿದ್ದೇವೆ. ಇನ್ನೂ ಒಮ್ಮತ ಆಗಿಲ್ಲ. ಸದ್ಯಕ್ಕೆ ನನ್ನ ಆರ್ಡರ್ ಫಾರ್ಮ್‌ನಲ್ಲಿ ಹೊಸ ಸಾಲೊಂದು ಸೇರಿದೆ: ಈ ಮುಖ ಯಾರದು, ಅವರನ್ನು ಕೇಳಿದ್ದೀರಾ?